ತಟ್ಟೆ ಬೇರೆ ಇಟ್ಟಿದೀವಿ ಸಾರ್

ಟಿಬಿ ಮಾತ್ರೆ ನುಂಗ್ತಿರೋ ಯಾರನ್ನಾದ್ರೂ ಕೇಳಿ ನೋಡಿ, ನಿಮ್ಮಿಂದ ಮನೇವ್ರಿಗೆ ಬರಬಾರ್ದು ಅಂತ ಏನು ಮಾಡ್ತಿದೀರ ಅಂತ. ಫಸ್ಟು ಬರೋ ಉತ್ತರ ತಟ್ಟೆ. ಆಮೇಲೆ ಲೋಟ, ಆಮೇಲೆ ಟವಲ್ಲು, ಹೊದಿಕೆ, ಸೋಪು. ಕೆಲವರು ಇನ್ನೂ ಮುಂದಕ್ಕೆ ಹೋಗಿ ಬಚ್ಚಲುಮನೆ ಚೊಂಬನ್ನೂ ಬೇರೆ ಮಾಡಿರ್ತಾರೆ. "ಕಿಟಕಿ ತೆಗ್ದಿಡ್ತೀವಿ" ಅಂತ ತಾವಾಗೇ ಹೇಳಿದವರು ನನಗೆ ಸಿಕ್ಕಿರೋದು ಬಹಳ ಕಮ್ಮಿ. "ಮನೇಲಿರೋ ಮಕ್ಕಳನ್ನ ತೋರಿಸ್ಕೊಂಡು ಬಂದ್ವಿ" ಅಂದವರು ಇನ್ನೂ ಕಮ್ಮಿ.

ನಾನು ಟಿಬಿ ವಿಭಾಗದಲ್ಲಿ ಫೀಲ್ಡ್ ಕೆಲಸ ಮಾಡೋನು. ತುಮಕೂರು ಜಿಲ್ಲೆಯ ಒಂದು ತಾಲೂಕು, ಹೆಸರು ಬೇಡ, ಹೇಳಿದ್ರೆ ಯಾರ ಮನೆ ಕಥೆ ಅಂತ ಗೊತ್ತಾಗಿಬಿಡುತ್ತೆ. ಬೈಕಲ್ಲಿ ಸುತ್ತೋದು, ಹೊಸ ಪೇಷಂಟ್ ಬಂದ್ರೆ ಮನೆಗೆ ಹೋಗಿ ಬರೋದು, ಮಾತ್ರೆ ಬಿಟ್ಟವರನ್ನ ಹುಡುಕೋದು, ಮನೇವ್ರ ಕಫ ಪರೀಕ್ಷೆ ಮಾಡ್ಸೋದು, ರಾತ್ರಿ ಕೂತು ನಿಕ್ಷಯ್ ಅನ್ನೋ ಸರ್ಕಾರದ ಟಿಬಿ ಪೋರ್ಟಲ್ಲಿಗೆ ಎಂಟ್ರಿ ಹಾಕೋದು, ಸರ್ವರ್ ಡೌನ್ ಇದ್ರೆ ಬೈಕೊಂಡು ಮಲಗೋದು. ಆಗಾಗ ನರ್ಸಿಂಗ್ ಕಾಲೇಜಿಂದ, ಮೆಡಿಕಲ್ ಕಾಲೇಜಿಂದ ಹುಡುಗ್ರು ಹುಡುಗೀರು ಪ್ರಶ್ನೆ ಪಟ್ಟಿ ಹಿಡ್ಕೊಂಡು ಬರ್ತಾರೆ, "ಕ್ಷಯರೋಗಿಗಳಲ್ಲಿ ಸೋಂಕು ಹರಡದಂತೆ ತಡೆಯುವ ಬಗೆಗಿನ ಜ್ಞಾನ" ಅಂತ ಪ್ರಾಜೆಕ್ಟು. ಸರಿ ಉತ್ತರಕ್ಕೆ ಒಂದು ಮಾರ್ಕು, ತಪ್ಪಿಗೆ ಸೊನ್ನೆ, ಎಲ್ಲ ಕೂಡಿ ಜ್ಞಾನ ಕಳಪೆ, ಸಾಧಾರಣ, ಉತ್ತಮ ಅಂತ ಮೂರು ಗುಂಪು ಮಾಡ್ತಾರೆ, ಕೊನೇ ಪುಟದಲ್ಲಿ "ಆರೋಗ್ಯ ಶಿಕ್ಷಣದ ಅಗತ್ಯವಿದೆ" ಅಂತ ಒಂದು ಸಾಲು ಹಾಕ್ತಾರೆ, ಬೈಂಡ್ ಮಾಡಿಸ್ತಾರೆ. ಆ ಹುಡುಗ್ರ ಮೇಲೆ ನಂಗೇನೂ ಸಿಟ್ಟಿಲ್ಲ, ಪಾಪ ಬಿಸಿಲಲ್ಲಿ ನನ್ನ ಹಿಂದೆ ಅಲೀತಾರೆ. ಆದ್ರೆ ಆ ಮಾರ್ಕ್ಸ್ ನೋಡಿದಾಗೆಲ್ಲ ಅನ್ಸೋದು, ಪರೀಕ್ಷೆಗೆ ಕೂರಬೇಕಾದವ್ರು ಬೇರೆ ಯಾರೋ, ಕೂತಿರೋರು ಬೇರೆ ಯಾರೋ.

ತಟ್ಟೆ ವಿಷಯ ಮೊದಲು ಮುಗಿಸ್ತೀನಿ. ಟಿಬಿ ತಟ್ಟೆಯಿಂದ ಬರಲ್ಲ. ಲೋಟದಿಂದ ಬರಲ್ಲ, ಬಟ್ಟೆ ಒಟ್ಟಿಗೆ ನೆನೆಸಿದ್ರೆ ಬರಲ್ಲ, ಒಂದೇ ಬಚ್ಚಲಲ್ಲಿ ಸ್ನಾನ ಮಾಡಿದ್ರೆ ಬರಲ್ಲ. ಶ್ವಾಸಕೋಶದ ಟಿಬಿ ಇರೋರು ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತಾಡಿದಾಗ, ಭಜನೆ ಹಾಡಿದಾಗ ಕೂಡ, ಬಾಯಿಂದ ಸಣ್ಣ ಸಣ್ಣ ಹನಿ ಹೊರಗೆ ಬರುತ್ತೆ. ದಪ್ಪ ಹನಿ ನೆಲಕ್ಕೆ ಬೀಳುತ್ತೆ, ಅದರ ತಂಟೆ ಹೆಚ್ಚುಕಮ್ಮಿ ಅಲ್ಲಿಗೇ ಮುಗೀತು. ಸಣ್ಣವು ಗಾಳಿಯಲ್ಲೇ ಒಣಗಿ ಇನ್ನೂ ಸಣ್ಣ ಆಗ್ತವೆ, ಒಂದರಿಂದ ಐದು ಮೈಕ್ರಾನ್, ಕಣ್ಣಿಗೆ ಕಾಣೋ ಮಾತೇ ಇಲ್ಲ, ಗಾಳಿ ಆಡದ ರೂಮಲ್ಲಿ ಗಂಟೆಗಟ್ಟಲೆ ತೇಲ್ತಾನೇ ಇರ್ತವೆ. ಅದನ್ನ ಇನ್ನೊಬ್ರು ಉಸಿರಲ್ಲಿ ಎಳ್ಕೊಂಡು ಅದು ಶ್ವಾಸಕೋಶದ ತುದೀಲಿರೋ ಗಾಳಿಗೂಡಿನ ತನಕ ಹೋಗಿ ಕೂತ್ರೆ ಆಗ ಸೋಂಕು. ತಟ್ಟೆಗೆ ಅಂಟಿದ ಎಂಜಲು ಮತ್ತೆ ಅಷ್ಟು ಸಣ್ಣ ಕಣ ಆಗಿ ಗಾಳಿಗೆ ಏಳಲ್ಲ. ಶ್ವಾಸಕೋಶ ಬಿಟ್ಟು ಬೇರೆ ಕಡೆ, ಅಂದ್ರೆ ಕತ್ತಿನ ಗಡ್ಡೆ, ಮೂಳೆ ಇಂಥ ಕಡೆ ಮಾತ್ರ ಟಿಬಿ ಇದ್ರೆ ಸಾಮಾನ್ಯವಾಗಿ ಬೇರೆಯವರಿಗೆ ಹರಡೋದೇ ಇಲ್ಲ. ಆದ್ರೂ ಕತ್ತಲ್ಲಿ ಗಡ್ಡೆ ಆಗಿದ್ದ ಹುಡುಗಿಗೂ ಮನೇಲಿ ತಟ್ಟೆ ಬೇರೆ ಮಾಡಿದ್ರು. ಹುಡುಗಿ ಪಿಯುಸಿ ಓದ್ತಿದ್ಲು, ಸೈನ್ಸ್ ಬೇರೆ.

ಇದು ಗಾಳಿಯಲ್ಲೇ ಹರಡೋದು ಅಂತ ಅನುಮಾನಕ್ಕೆ ಎಡೆ ಇಲ್ಲದ ಹಾಗೆ ಗೊತ್ತಾಗೋಕೂ ಕಾಲ ಹಿಡೀತು. ರಾಬರ್ಟ್ ಕಾಖ್ 1882ರ ಮಾರ್ಚ್ 24ಕ್ಕೆ ಬ್ಯಾಕ್ಟೀರಿಯಾ ತೋರಿಸಿದ, ಪ್ರತಿ ವರ್ಷ ಆ ದಿನ ನಾವು ಶಾಲಾ ಮಕ್ಕಳನ್ನ ಕರ್ಕೊಂಡು ಜಾಥಾ ಹೋಗ್ತೀವಿ. ಅದಾದ ಮೇಲೂ ಎಷ್ಟೋ ದಶಕ ಒಣಗಿದ ಕಫದ ಧೂಳು, ಉಗುಳು, ಪಾತ್ರೆ ಇವುಗಳ ಮೇಲೇ ಜನರಿಗೆ ಕಣ್ಣು. 1950ರ ದಶಕದ ಕೊನೇಲಿ ಅಮೆರಿಕದ ಬಾಲ್ಟಿಮೋರಲ್ಲಿ ರಿಚರ್ಡ್ ರೈಲಿ ಮತ್ತೆ ವಿಲಿಯಂ ವೆಲ್ಸ್ ಅನ್ನೋರು ಒಂದು ಭಲೇ ಪ್ರಯೋಗ ಮಾಡಿದ್ರು. ಟಿಬಿ ರೋಗಿಗಳಿದ್ದ ಒಂದು ಪುಟ್ಟ ವಾರ್ಡು, ಅದರ ಗಾಳಿನೆಲ್ಲ ಪೈಪಲ್ಲಿ ಮೇಲಿನ ಮಹಡಿಗೆ ಎಳೆದು ಅಲ್ಲಿ ಗಿನಿಪಿಗ್ ಸಾಕಿದ್ರು. ಮೇಲಿನ ಪ್ರಾಣಿಗೂ ಕೆಳಗಿನ ರೋಗಿಗೂ ಗಾಳಿ ಬಿಟ್ರೆ ಬೇರೆ ಸಂಬಂಧನೇ ಇಲ್ಲ, ತಟ್ಟೆ ಇಲ್ಲ, ಲೋಟ ಇಲ್ಲ, ಮುಟ್ಟೋದಿಲ್ಲ. ಗಿನಿಪಿಗ್‌ಗಳಿಗೆ ಟಿಬಿ ಬಂತು. ಅದೇ ಗಾಳಿಗೆ ಅಲ್ಟ್ರಾವಯಲೆಟ್ ಬೆಳಕು ಹಾಯಿಸಿ ಬಿಟ್ಟ ಇನ್ನೊಂದು ಗುಂಪಿಗೆ ಬರಲಿಲ್ಲ. ಇನ್ನೂ ಒಂದು ವಿಷಯ ಅದರಲ್ಲೇ ಕಂಡಿದ್ದು, ಎಲ್ಲ ರೋಗಿಗಳೂ ಒಂದೇ ಸಮ ಹರಡಲ್ಲ, ಕೆಲವೇ ಕೆಲವರು ಬಹಳಷ್ಟು ಹರಡ್ತಾರೆ, ಸರಿಯಾದ ಔಷಧಿ ಶುರುವಾದವರಿಂದ ಹರಡೋದು ತೀರಾ ಕಮ್ಮಿ.

ಇದನ್ನೆಲ್ಲ ನಾನು ಹಳ್ಳೀಲಿ ಗಿನಿಪಿಗ್ ಅಂತ ಹೇಳ್ತಾ ಕೂರಲ್ಲ. ಊದುಬತ್ತಿ ಅಂತೀನಿ. ಬಾಗ್ಲು ಕಿಟಕಿ ಮುಚ್ಚಿ ಒಂದು ಊದುಬತ್ತಿ ಹಚ್ಚಿದ್ರೆ ಅದು ಆರಿ ಎಷ್ಟೊತ್ತಾದ್ರೂ ವಾಸನೆ ಇರುತ್ತಲ್ವಾ, ಕಿಟಕಿ ತೆಗೀರಿ, ಎಷ್ಟೊತ್ತು ಇರುತ್ತೆ ನೋಡಿ. ಇಷ್ಟು ಹೇಳಿದ್ರೆ ಅಜ್ಜೀರಿಗೂ ಅರ್ಥ ಆಗುತ್ತೆ.

ಅರ್ಥ ಆಗುತ್ತೆ ಸರಿ, ಆದ್ರೆ ಮನೆ ಇರ್ಬೇಕಲ್ಲ ಹಾಗೆ. ಒಂದು ಮನೆ ಹೇಳ್ತೀನಿ. ಆಶ್ರಯ ಮನೆ, ಮುಂದೆ ಒಂದು ರೂಮು, ಹಿಂದೆ ಅಡುಗೆಗೆ ಸ್ವಲ್ಪ ಜಾಗ, ಮೇಲೆ ಶೀಟು. ಇರೋದು ಒಂದೇ ಕಿಟಕಿ, ಅದಕ್ಕೆ ಸೊಳ್ಳೆ ಬರುತ್ತೆ ಅಂತ ಗೊಬ್ಬರದ ಚೀಲ ಬಿಚ್ಚಿ ಮೊಳೆ ಹೊಡ್ದಿದ್ರು, ಅದರ ಮುಂದೆ ರೇಷನ್ ಅಕ್ಕಿ ಮೂಟೆ. ಮನೆ ಯಜಮಾನ್ರಿಗೆ ಟಿಬಿ, ಕಫದಲ್ಲಿ ಪಾಸಿಟಿವ್ ಬಂದು ಮೂರ್ನಾಲ್ಕು ದಿನ ಆಗಿತ್ತು ಅಷ್ಟೆ. ನಾನು ಹೋದ ತಕ್ಷಣ ಸೊಸೆ ಒಳಗಿಂದ ಒಂದು ಸ್ಟೀಲ್ ತಟ್ಟೆ ತಂದು ತಿರುಗಿಸಿ ತೋರಿಸಿದ್ಲು. ನಮ್ಮ ಕಡೆ ಪಾತ್ರೆ ಮೇಲೆ ಹೆಸರು ಕೊರೆಸ್ತಾರಲ್ಲ, ಮದ್ವೇಲಿ ಕೊಟ್ಟವರ ಹೆಸರು, ತಾರೀಖು, ಹಾಗೆ ಇದರ ಮೇಲೂ ಏನೋ ಕೊರೆಸಿತ್ತು, ಅದರ ಪಕ್ಕ ಕೆಂಪು ನೇಲ್ ಪಾಲಿಶಲ್ಲಿ ಒಂದು ಚುಕ್ಕಿ. ಲೋಟದ ತಳಕ್ಕೂ ಚುಕ್ಕಿ. ಚಮಚಕ್ಕೂ ಇಟ್ಟಿದ್ಲು, ಅದು ಅರ್ಧ ಅಳಿಸಿ ಹೋಗಿತ್ತು.

"ತಟ್ಟೆ ಬೇರೆ ಇಟ್ಟಿದೀವಿ ಸಾರ್, ಅವರದ್ದು ನಾವು ಯಾರೂ ಮುಟ್ಟಲ್ಲ, ಅವರೇ ತೊಳ್ಕೋತಾರೆ."

"ಸರಿ ಕಣಮ್ಮ. ಯಜಮಾನ್ರು ರಾತ್ರಿ ಎಲ್ಲಿ ಮಲಗ್ತಾರೆ?"

"ಇಲ್ಲೇ ಒಳಗೆ ಸಾರ್. ಪಾಪು ತಾತನ ಪಕ್ಕದಲ್ಲೇ ಮಲಗೋದು, ಬಿಟ್ಟಿರಲ್ಲ ಅದು."

ಪಾಪುಗೆ ಇನ್ನೂ ಮೂರು ತುಂಬಿರಲಿಲ್ಲ.

ಈ ಸೊಸೆನ ಪ್ರಶ್ನೆ ಪಟ್ಟಿ ಹಿಡ್ಕೊಂಡು ಕೇಳಿದ್ರೆ ಕಳಪೆ ಗುಂಪಿಗೆ ಬರ್ತಾಳೆ. ಆದ್ರೆ ಅವಳು ಅಸಡ್ಡೆ ಮಾಡೋ ಹೆಂಗಸಲ್ಲ ಅಂತ ಆ ಚುಕ್ಕೀನೇ ಹೇಳುತ್ತೆ. ರೋಗದ ಬಗ್ಗೆ ಭಯ ಇದೆ, ಏನಾದ್ರೂ ಮಾಡ್ಬೇಕು ಅಂತ ಇದೆ, ಕೈಗೆ ಸಿಕ್ಕಿದ್ದನ್ನ ನಿಯತ್ತಾಗಿ ಮಾಡಿದಾಳೆ. ಅವಳಿಗೆ ಯಾಕೆ ತಟ್ಟೇನೇ ಮೊದಲು ಹೊಳೀತು ಅಂತ ಯೋಚನೆ ಮಾಡಿದ್ರೆ ನನಗೆ ಅನ್ಸೋದು ಇಷ್ಟು. ತಟ್ಟೆ ಕಣ್ಣಿಗೆ ಕಾಣುತ್ತೆ, ಗಾಳಿ ಕಾಣಲ್ಲ. ತಟ್ಟೆ ಬೇರೆ ಇಡೋಕೆ ಖರ್ಚಿಲ್ಲ, ಕಿಟಕಿ ತೆಗೆದ್ರೆ ಸೊಳ್ಳೆ, ಚಳಿ, ಬೆಕ್ಕು, ಎದುರು ಮನೆಯವರ ಕಣ್ಣು. ಇದೆಲ್ಲದಕ್ಕಿಂತ ದೊಡ್ಡ ಕಾರಣ, ತಟ್ಟೆ ಲೋಟ ಬೇರೆ ಮಾಡೋದು ನಮ್ಮ ಊರುಗಳಿಗೆ ಯಾರೂ ಕಲಿಸಿಕೊಡಬೇಕಾದ ವಿದ್ಯೆ ಅಲ್ಲ. ಹೋಟ್ಲಲ್ಲಿ ಒಂದು ಜಾತಿಯವರಿಗೆ ಲೋಟ ಬೇರೆ ಇಟ್ಟ ಊರುಗಳಿವು, ಮುಟ್ಟಾದ ಹೆಣ್ಮಕ್ಳಿಗೆ ತಟ್ಟೆ ಚಾಪೆ ಬೇರೆ ಕೊಟ್ಟ ಮನೆಗಳಿವು. ಡಾಕ್ಟ್ರು ಹತ್ತು ಮಾತು ಹೇಳಿದ್ರೆ ಅದರಲ್ಲಿ ಮೊದಲೇ ರೂಢಿ ಇರೋದು ಮಾತ್ರ ತಲೆಗೆ ಹತ್ತುತ್ತೆ. ಕೆಲವು ಸಲ ಡಾಕ್ಟ್ರೇ ಅದನ್ನ ಹೇಳಿ ಕಳ್ಸಿರ್ತಾರೆ, ಅದು ಇನ್ನೊಂದು ಕಥೆ. "ಡಾಕ್ಟ್ರೇ ಹೇಳಿದ್ರು ಸಾರ್, ನೀವ್ಯಾಕೆ ಬೇಡ ಅಂತೀರ" ಅಂತ ಕೇಳಿದ್ರೆ ನಾನು ಏನು ಹೇಳ್ಲಿ.

ಮನೇಲಿ ಬೇರೆ ಮಾಡಬೇಕಾ ಬೇಡ್ವಾ ಅನ್ನೋ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಯಾವ ಯೂರೋಪೂ ಅಲ್ಲ, ಮದ್ರಾಸು. 1956ರಲ್ಲಿ ಅಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಶುರುವಾಯ್ತು, ವ್ಯಾಲೇಸ್ ಫಾಕ್ಸ್ ಅಂತ ಬ್ರಿಟಿಷ್ ಡಾಕ್ಟರ್ ನೋಡ್ಕೋತಿದ್ರು. 193 ಜನ ರೋಗಿಗಳನ್ನ ಎರಡು ಪಾಲು ಮಾಡಿ, ಅರ್ಧ ಜನರನ್ನ ಸ್ಯಾನಟೋರಿಯಂಗೆ, ಅಂದ್ರೆ ಟಿಬಿ ಆಸ್ಪತ್ರೆಗೆ ಸೇರಿಸಿದ್ರು, ಒಳ್ಳೆ ಊಟ, ವಿಶ್ರಾಂತಿ, ನರ್ಸು. ಇನ್ನರ್ಧ ಜನರನ್ನ ಅವರ ಇಕ್ಕಟ್ಟಾದ ಮನೆಗಳಲ್ಲೇ ಬಿಟ್ಟು ಮಾತ್ರೆ ಕೊಟ್ರು. ಎಲ್ಲರೂ ಅಂದುಕೊಂಡಿದ್ದು ಮನೇಲಿರೋರು ಸೋಲ್ತಾರೆ ಅಂತ. 1959ರಲ್ಲಿ ಫಲಿತಾಂಶ ಬಂದಾಗ ಎರಡೂ ಕಡೆ ವಾಸಿಯಾಗಿದ್ದು ಹೆಚ್ಚುಕಮ್ಮಿ ಒಂದೇ ಸಮ. ಆಮೇಲೆ ಐದು ವರ್ಷ ಮನೇವ್ರನ್ನೂ ಹಿಂಬಾಲಿಸಿ ನೋಡಿದ್ರು. ಮನೇಲೇ ಚಿಕಿತ್ಸೆ ತಗೊಂಡವರ ಮನೆಯವರಿಗೆ ಅದರಿಂದಾಗಿ ಟಿಬಿ ಜಾಸ್ತಿ ಆಗಲಿಲ್ಲ. ಯಾಕಂದ್ರೆ ಹರಡಬೇಕಾದಷ್ಟು ಹರಡಿ ಮುಗಿದಿರೋದು ಔಷಧಿ ಶುರುವಾಗೋಕೆ ಮುಂಚೆ. ಔಷಧಿ ಶುರುವಾದ ಮೇಲೆ ಅಪಾಯ ಬೇಗ ಇಳಿಯುತ್ತೆ. ಈಗ ನಾವು ಹೇಳೋದು, ಔಷಧಿಗೆ ಬಗ್ಗೋ ಟಿಬಿ ಆದ್ರೆ ಸರಿಯಾಗಿ ಮಾತ್ರೆ ತಗೊಂಡ್ರೆ ಸುಮಾರು ಎರಡು ವಾರದಲ್ಲಿ ಬಹುಪಾಲು ಜನರಿಂದ ಹರಡೋ ಭಯ ಇಲ್ಲ ಅಂತ. ಮಾತ್ರೆಗೆ ಬಗ್ಗದ ಟಿಬಿ ಆದ್ರೆ ಲೆಕ್ಕ ಬೇರೆ, ಅದಕ್ಕೆ ಬೇರೆ ಮಾತ್ರೆ, ಬೇರೆ ಎಚ್ಚರಿಕೆ.

ಆ ಮದ್ರಾಸಿನ ಅಧ್ಯಯನದಿಂದ ಇಡೀ ಪ್ರಪಂಚದಲ್ಲಿ ಟಿಬಿ ಚಿಕಿತ್ಸೆ ಆಸ್ಪತ್ರೆ ಬಿಟ್ಟು ಮನೆಗೆ ಬಂತು. ನಮ್ಮ ಪಕ್ಕದ ರಾಜ್ಯದಲ್ಲಿ ಆಗಿದ್ದು. ಅರವತ್ತಕ್ಕೂ ಹೆಚ್ಚು ವರ್ಷ ಆಯ್ತು. ಎರಡು ತಿಂಗಳು ಮಾತ್ರೆ ಮುಗಿಸಿ ಕಫ ನೆಗೆಟಿವ್ ಬಂದವರಿಗೂ ಈಗಲೂ ಊಟ ಹಿತ್ತಲ ಬಾಗಿಲ ಹತ್ರ ಹಾಕ್ತಾರೆ ಅಂದ್ರೆ ನೀವೇ ಹೇಳಿ.

ಹಾಗಿದ್ರೆ ಔಷಧಿ ಶುರುವಾಗೋಕೆ ಮುಂಚೆ ಏನಾಗ್ತಿರುತ್ತೆ? ಇಲ್ಲೇ ನನ್ನ ತಕರಾರು ಇರೋದು. ರೋಗಿಗೆ ಸೋಂಕು ತಡೆಯೋ ಬಗ್ಗೆ ನಾವು ಪಾಠ ಹೇಳೋದು ಟಿಬಿ ಅಂತ ಗೊತ್ತಾದ ಮೇಲೆ. ಅಲ್ಲಿ ತನಕ ಅವನು ತಿಂಗಳುಗಟ್ಟಲೆ ಕೆಮ್ಮಿರ್ತಾನೆ, ಮನೇಲಿ, ಬಸ್ಸಲ್ಲಿ, ಗಾರ್ಮೆಂಟ್ಸ್ ಫ್ಲೋರಲ್ಲಿ, ಮದ್ವೆ ಮನೇಲಿ. ಚಿಕಿತ್ಸೆ ಇಲ್ಲದ ಒಬ್ಬ ರೋಗಿಯಿಂದ ವರ್ಷಕ್ಕೆ ಹತ್ತು ಹದಿನೈದು ಜನರಿಗೆ ಸೋಂಕು ತಗಲಬಹುದು ಅಂತ ನಮ್ಮ ಪೋಸ್ಟರಲ್ಲೇ ಬರೆದಿರುತ್ತೆ. ಸೋಂಕು ತಗುಲಿದವರೆಲ್ಲರಿಗೂ ಕಾಯಿಲೆ ಬರಲ್ಲ, ನೂರಕ್ಕೆ ಐದರಿಂದ ಹತ್ತು ಜನರಿಗೆ ಜೀವಮಾನದಲ್ಲಿ ಯಾವಾಗಲಾದ್ರೂ ಬರುತ್ತೆ, ಅದರಲ್ಲೂ ಮೊದಲ ಎರಡು ವರ್ಷದಲ್ಲೇ ಜಾಸ್ತಿ, ಶುಗರ್ ಇರೋರಿಗೆ, ಎಚ್ಐವಿ ಇರೋರಿಗೆ, ಊಟ ಸಾಲದವರಿಗೆ, ಸಣ್ಣ ಮಕ್ಕಳಿಗೆ ಇನ್ನೂ ಜಾಸ್ತಿ. ಅಂದ್ರೆ ತಟ್ಟೆಗೆ ಚುಕ್ಕಿ ಇಡೋ ಹೊತ್ತಿಗೆ ಆಗಬೇಕಾದ್ದು ಬಹುಪಾಲು ಆಗಿಹೋಗಿರುತ್ತೆ.

ಮತ್ತೆ ಆ ತಿಂಗಳುಗಳಲ್ಲಿ ಅವನು ಸುಮ್ನೆ ಕೂತಿದ್ನಾ? ಇಲ್ಲ. ನಮ್ಮ ತುಮಕೂರು ಜಿಲ್ಲೆ ಈ ಪ್ರಶ್ನೆಗೆ ಪ್ರಪಂಚಕ್ಕೇ ಉತ್ತರ ಕೊಟ್ಟಿದೆ, ನಮ್ಮವರಿಗೇ ಗೊತ್ತಿಲ್ಲ. ಬೆಂಗಳೂರಿನ ಬಳ್ಳಾರಿ ರಸ್ತೇಲಿರೋ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆಗಿದ್ದು. ಅಲ್ಲಿಂದ ಡಿ. ಬ್ಯಾನರ್ಜಿ ಮತ್ತೆ ಸ್ಟಿಗ್ ಆಂಡರ್ಸನ್ ಅನ್ನೋ ಇಬ್ರು ತುಮಕೂರಿನ ಹಳ್ಳಿಗಳಿಗೆ ಬಂದು ಟಿಬಿ ಇರೋರನ್ನ ಮನೆಮನೆಗೆ ಹೋಗಿ ಮಾತಾಡಿಸಿದ್ರು, 1963ರಲ್ಲಿ ಅದು ಪ್ರಕಟ ಆಯ್ತು. ಆ ಕಾಲಕ್ಕೆ ಎಲ್ಲರ ನಂಬಿಕೆ ಏನಂದ್ರೆ ಹಳ್ಳಿ ಜನಕ್ಕೆ ತಿಳುವಳಿಕೆ ಇಲ್ಲ, ಕಾಯಿಲೆ ಬಂದಿರೋದೂ ಗೊತ್ತಾಗಲ್ಲ ಅಂತ. ಇವರಿಗೆ ಕಂಡಿದ್ದು ತಿರುವುಮುರುವು. ರೋಗಿಗಳಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು, ಬಹಳ ಜನಕ್ಕೆ ಚಿಂತೆಯೂ ಇತ್ತು, ಸುಮಾರು ಅರ್ಧದಷ್ಟು ಜನ ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದಿದ್ರು. ಅಲ್ಲಿ ಅವರಿಗೆ ಒಂದು ಬಾಟ್ಲು ಕೆಮ್ಮಿನ ಔಷಧಿ ಕೊಟ್ಟು ಕಳ್ಸಿದ್ರು.

ಅರವತ್ತು ವರ್ಷದಲ್ಲಿ ಬದಲಾಗಿದ್ದು ಬಾಟ್ಲು ಗಾಜಿಂದ ಪ್ಲಾಸ್ಟಿಕ್ ಆಗಿದೆ. ತಮಾಷೆ ಅಲ್ಲ. ಈಗ ಮೊದಲು ಮೆಡಿಕಲ್ ಸ್ಟೋರು, ಆಮೇಲೆ ಊರಲ್ಲಿರೋ ಕ್ಲಿನಿಕ್ಕು, ಅಲ್ಲಿ ಒಂದು ಇಂಜೆಕ್ಷನ್ನು, ಆಮೇಲೆ ತಾಲೂಕಲ್ಲಿ ಇನ್ನೊಬ್ರು, ಅಲ್ಲಿ ಬೇರೆ ಆಂಟಿಬಯಾಟಿಕ್ಕು, ಅದರಲ್ಲೂ ಕೆಲವು ಆಂಟಿಬಯಾಟಿಕ್ ಕೊಟ್ರೆ ನಾಕು ದಿನ ಹಗುರ ಆದ ಹಾಗೆ ಅನ್ಸಿ ಇನ್ನೊಂದು ತಿಂಗಳು ದೂಡ್ತಾರೆ, ಆಮೇಲೆ ಕಫದಲ್ಲಿ ರಕ್ತ ಕಂಡ ಮೇಲೆ ಎದ್ದು ಬಿದ್ದು ನಮ್ಮ ಹತ್ರ ಬರೋದು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ರೆ ಕಫ ಪರೀಕ್ಷೆ ಮಾಡಿ ಅನ್ನೋದು ಎಲ್ಲ ಗೋಡೆ ಮೇಲೂ ಬರೆದಿದೆ. ಕಫದಲ್ಲಿ ಟಿಬಿ ಹುಡುಕೋ ಟ್ರೂನ್ಯಾಟ್ ಮಷೀನು ಈಗ ತಾಲೂಕು ಆಸ್ಪತ್ರೆ ತನಕ ಬಂದಿದೆ, ಗೋವಾದಲ್ಲಿ ತಯಾರಾಗೋ ನಮ್ಮ ದೇಶದ್ದೇ ಮಷೀನು, ಅವತ್ತೇ ರಿಸಲ್ಟು, ಟಿಬಿಯ ಮುಖ್ಯ ಮಾತ್ರೆ ರಿಫಾಂಪಿಸಿನ್‌ಗೆ ಬಗ್ಗುತ್ತಾ ಇಲ್ವಾ ಅಂತಲೂ ಹೇಳುತ್ತೆ. ಮಷೀನ್ ಇದೆ, ಡಬ್ಬಿ ಇದೆ, ಟೆಕ್ನಿಷಿಯನ್ ಇದಾರೆ. ಕಫ ಕೊಡಿ ಅಂತ ಒಂದು ಚೀಟಿ ಬರೀಬೇಕಾದ ಕೈ ಸಿರಪ್ ಬರಿಯುತ್ತೆ. ಜ್ಞಾನದ ಪರೀಕ್ಷೆ ಮಾಡೋದಾದ್ರೆ ಆ ಕೈಗೆ ಮಾಡಿ.

ಇನ್ನು ಮುಚ್ಚಿಡೋದು. ತಟ್ಟೆ ಬೇರೆ ಆಗುತ್ತೆ ಅನ್ನೋದು ಊರಿಗೆಲ್ಲ ಗೊತ್ತು, ಅದಕ್ಕೇ ಕೆಮ್ಮು ಇರೋರು ಹೇಳಲ್ಲ. ಕಾಯಿಲೆಗಿಂತ ತಟ್ಟೆಗೆ ಹೆದರ್ತಾರೆ. ಹೊಸದಾಗಿ ಮದ್ವೆ ಆದ ಹೆಣ್ಮಗಳು ತವರಿಗೆ ಹೋಗಿ ಟೆಸ್ಟ್ ಮಾಡಿಸ್ಕೊಂಡು, ಗಂಡನ ಮನೇಲಿ ಮಾತ್ರೆನ ಕುಂಕುಮದ ಡಬ್ಬಿ ಹಿಂದೆ ಇಟ್ಕೊಂಡು ವಿಟಮಿನ್ ಅಂತ ಹೇಳಿ ನುಂಗ್ತಿದ್ಲು. ಮೂತ್ರ ಕೆಂಪಗೆ ಬರುತ್ತಲ್ಲ ರಿಫಾಂಪಿಸಿನ್ ತಗೊಂಡ್ರೆ, ಅದಕ್ಕೂ ಏನೋ ಕಾರಣ ಹೇಳ್ಕೊಂಡಿದ್ಲು. ಇನ್ನೊಬ್ರು, ವಯಸ್ಸಾದವರು, "ಆಶಾನ ಮನೆ ತನಕ ಕಳಿಸ್ಬೇಡಿ ಸಾರ್, ಬಸ್‌ಸ್ಟ್ಯಾಂಡಲ್ಲಿ ಮಾತ್ರೆ ಕೊಟ್ಟುಬಿಡಿ" ಅಂತ ಕೈ ಮುಗೀತಿದ್ರು, ಯಾಕಂದ್ರೆ ಮಗಳಿಗೆ ಗಂಡು ನೋಡ್ತಿದ್ರು. ಈ ಇಬ್ಬರಿಗೂ ಹರಡೋದು ಹೇಗೆ ಅಂತ ಚೆನ್ನಾಗೇ ಗೊತ್ತಿತ್ತು, ಕೇಳಿದ್ರೆ ಫುಲ್ ಮಾರ್ಕ್ಸ್. ಆದ್ರೆ ಮನೇವ್ರಿಗೆ ಹೇಳದೆ ಮನೇವ್ರನ್ನ ಟೆಸ್ಟ್ ಮಾಡ್ಸೋದು ಹೇಗೆ? ಬೇರೆ ತಟ್ಟೆ ಅನ್ನೋ ಪದ್ಧತಿಯಿಂದ ಸೋಂಕು ತಪ್ಪಲ್ಲ ಅನ್ನೋದು ಒಂದು ಕಡೆ ಇರ್ಲಿ, ಅದರಿಂದ ಸೋಂಕು ಜಾಸ್ತಿನೇ ಆಗುತ್ತೆ ಅಂತ ನನ್ನ ಲೆಕ್ಕ.

ಮಾಸ್ಕ್ ಬಗ್ಗೆ ಒಂದು ಮಾತು. ಕೊರೊನಾ ಟೈಮಲ್ಲಿ ನಮ್ಮ ಕೆಲಸ ಎಲ್ಲ ಕುಂಟಿತು, ಟೆಸ್ಟು ನಿಂತ್ವು, ಆದ್ರೆ ಒಂದು ಒಳ್ಳೇದಾಗಿತ್ತು, ಎಲ್ಲರ ಮುಖದ ಮೇಲೂ ಮಾಸ್ಕಿತ್ತು. ಟಿಬಿ ಪೇಷಂಟು ಆರಾಮಾಗಿ ಹಾಕ್ಕೊಂಡು ಓಡಾಡ್ತಿದ್ರು, ಯಾರೂ ಯಾಕೆ ಅಂತ ಕೇಳ್ತಿರಲಿಲ್ಲ. ಈಗ ಹಾಕ್ಕೊಂಡ್ರೆ ಮತ್ತೆ ಎಲ್ಲರೂ ತಿರುಗಿ ನೋಡ್ತಾರೆ. ಮಾಸ್ಕ್ ಕೆಲಸ ಮಾಡುತ್ತೆ, ಅದರಲ್ಲಿ ಅನುಮಾನ ಬೇಡ. ದಕ್ಷಿಣ ಆಫ್ರಿಕಾದಲ್ಲಿ ಆ ಹಳೇ ಗಿನಿಪಿಗ್ ಪ್ರಯೋಗನೇ ಮತ್ತೆ ಮಾಡಿದ್ರು, ಮಾತ್ರೆಗೆ ಬಗ್ಗದ ಟಿಬಿ ಇರೋರಿಗೆ ಸಾದಾ ಸರ್ಜಿಕಲ್ ಮಾಸ್ಕ್ ಹಾಕ್ಸಿ. ಮಾಸ್ಕ್ ಹಾಕಿದ ದಿನಗಳಲ್ಲಿ ಹರಡೋದು ಅರ್ಧಕ್ಕಿಂತ ಕಮ್ಮಿ ಆಯ್ತು, 2012ರ ವರದಿ ಅದು. ಮಾಸ್ಕ್ ಇಲ್ದಿದ್ರೆ ಟವಲ್ಲು, ಸೆರಗು, ಏನೂ ಇಲ್ದಿದ್ರೆ ಮೊಣಕೈ. ನಮ್ಮ ಹೆಂಗಸರು ಕೆಮ್ಮು ಬಂದ್ರೆ ಸೆರಗು ಬಾಯಿಗೆ ಇಡೋದು ತಾವಾಗೇ ಬರೋ ಅಭ್ಯಾಸ, ಗಂಡಸರಿಗೆ ಹೆಗಲ ಮೇಲೆ ಟವಲ್ ಇದ್ರೂ ಅದು ಬೆವರು ಒರೆಸೋಕೆ ಮಾತ್ರ. ಕಫನ ಮುಚ್ಚಳ ಇರೋ ಡಬ್ಬಿಗೆ ಉಗುಳಿ ಫಿನಾಯಿಲ್ ಹಾಕಿ ಹೂತುಬಿಡಿ ಅಂತೀವಿ, ಒಳ್ಳೇ ಅಭ್ಯಾಸನೇ, ಆದ್ರೆ ಕಿಟಕಿ ಮುಚ್ಚಿಟ್ಟು ಡಬ್ಬಿ ಮಾತ್ರ ನೀಟಾಗಿ ಇಟ್ಕೊಂಡ್ರೆ ಪ್ರಯೋಜನ ಕಮ್ಮಿ.

ಗಾಳಿ ವಿಷಯಕ್ಕೆ ಹಳೇ ಕಾಲದವರೇ ವಾಸಿ. ಮೈಸೂರಿನ ಕೆಆರ್‌ಎಸ್ ರಸ್ತೇಲಿ ಪಿಕೆ ಸ್ಯಾನಟೋರಿಯಂ ಇದೆಯಲ್ಲ, ಅದು ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಹೆಸರಿನದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಆಕೆ, ಟಿಬಿಯಿಂದಲೇ ತೀರಿಕೊಂಡ್ರು. 1921ರಲ್ಲಿ ಆಸ್ಪತ್ರೆ ಆಯ್ತು. ಅರಮನೆಗೂ ಬಿಡದ ಕಾಯಿಲೆ. ಆ ಕಾಲಕ್ಕೆ ಒಂದೇ ಒಂದು ಮಾತ್ರೆ ಇರಲಿಲ್ಲ, ಇದ್ದಿದ್ದು ಗಾಳಿ, ಬೆಳಕು, ಊಟ, ವಿಶ್ರಾಂತಿ ಅಷ್ಟೆ, ಹಾಗಾಗಿ ಸ್ಯಾನಟೋರಿಯಂ ಅಂದ್ರೆ ಊರಾಚೆ, ಉದ್ದ ವರಾಂಡ, ದೊಡ್ಡ ಕಿಟಕಿ. ಈಗ ಕಟ್ಟೋ ಆಸ್ಪತ್ರೆ ನೋಡಿ, ಗಾಜು, ಫಾಲ್ಸ್ ಸೀಲಿಂಗು, ಓಪಿಡಿ ಹಾಲಲ್ಲಿ ಎಸಿ, ಅದರಲ್ಲಿ ಕೆಮ್ಮೋರು, ಕೂಸು ಎತ್ಕೊಂಡೋರು, ಶುಗರ್ ಇರೋರು ಎಲ್ಲ ಒಂದೇ ಬೆಂಚಲ್ಲಿ ಟೋಕನ್ ಹಿಡ್ಕೊಂಡು ಕೂತಿರ್ತಾರೆ. ಪೆರು ದೇಶದ ಲಿಮಾದಲ್ಲಿ 2007ರಲ್ಲಿ ಅಳೆದು ನೋಡಿದಾರೆ, ಎತ್ತರದ ಚಾವಣಿ ದೊಡ್ಡ ಕಿಟಕಿ ಇರೋ ಹಳೇ ಆಸ್ಪತ್ರೆಗಳಲ್ಲಿ ಕಿಟಕಿ ಬಾಗಿಲು ತೆಗೆದ್ರೆ ಆಡೋ ಗಾಳಿ ಹೊಸ ಕಟ್ಟಡಗಳಲ್ಲಿ ಆಡಲ್ಲ, ಸೋಂಕಿನ ಅಪಾಯ ಹಳೇದರಲ್ಲೇ ಕಮ್ಮಿ ಅಂತ. ಪೇಷಂಟ್‌ಗೆ ಕಿಟಕಿ ತೆಗೀರಿ ಅಂತ ಪಾಠ ಹೇಳೋ ರೂಮಲ್ಲೇ ಕಿಟಕಿ ಇರಲ್ಲ ಎಷ್ಟೋ ಸಲ. ನಾನು ಸಾಧ್ಯ ಆದ್ರೆ ಹೊರಗೆ ಹೊಂಗೆ ಮರದ ಕೆಳಗೆ ನಿಂತೇ ಮಾತಾಡ್ತೀನಿ.

ಇದಕ್ಕಿಂತ ಕಷ್ಟದ ಕೆಲಸ ಒಂದಿದೆ, ಅದು ಆರೋಗ್ಯವಾಗಿ ಇರೋರಿಗೆ ಮಾತ್ರೆ ತಿನ್ನಿಸೋದು. ಮನೇಲಿ ಒಬ್ಬರಿಗೆ ಶ್ವಾಸಕೋಶದ ಟಿಬಿ ಅಂತಾದ್ರೆ ಜೊತೇಲಿರೋ ಎಲ್ಲರನ್ನೂ ನೋಡಿ, ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಮುಂದೆ ಬರದ ಹಾಗೆ ಮಾತ್ರೆ ಕೊಡಬೇಕು. ಐಸೋನಿಯಾಝಿಡ್ ಆದ್ರೆ ದಿನಾ ಒಂದು ಹಾಗೆ ಆರು ತಿಂಗಳು, ಇನ್ನೊಂದು ಜೋಡಿ ಮಾತ್ರೆ ಆದ್ರೆ ವಾರಕ್ಕೊಂದು ಸಲ, ಮೂರು ತಿಂಗಳು. ಮೊದಲೆಲ್ಲ ಐದು ವರ್ಷದೊಳಗಿನ ಮಕ್ಕಳಿಗೆ, ಎಚ್ಐವಿ ಇರೋರಿಗೆ ಮಾತ್ರ ಇತ್ತು, 2021ರಿಂದ ಮನೇಲಿರೋ ದೊಡ್ಡವರಿಗೂ ಬಂದಿದೆ. ಕಾಯಿಲೆ ತಡೆಯೋಕೆ ಒಂದು ಕುಟುಂಬ ಮಾಡಬಹುದಾದ್ದರಲ್ಲಿ ಇದಕ್ಕಿಂತ ಗಟ್ಟಿ ಕೆಲಸ ಇನ್ನೊಂದಿಲ್ಲ. ಜನ ಒಪ್ಪೋದೇ ಇಲ್ಲ. "ನಮಗೇನೂ ಆಗಿಲ್ವಲ್ಲ ಸಾರ್, ಚೆನ್ನಾಗಿರೋ ಮಗೀಗೆ ಯಾಕೆ ಮಾತ್ರೆ, ಹೀಟ್ ಆಗುತ್ತೆ" ಅಂತಾರೆ. ಆ ಮಾತಲ್ಲಿ ಪೂರ್ತಿ ದಡ್ಡತನ ಇದೆ ಅಂತ ನನಗೆ ಅನ್ಸಲ್ಲ, ಬಿಪಿ ಮಾತ್ರೆನೇ ಸರಿಯಾಗಿ ತಗೊಳ್ದೇ ಇರೋ ದೇಶ ಇದು, ಕಾಯಿಲೆನೇ ಇಲ್ದೆ ಆರು ತಿಂಗಳು ನುಂಗು ಅಂದ್ರೆ ಯಾರು ಒಪ್ತಾರೆ. ಆದ್ರೆ ಮೂರು ವರ್ಷದ ಕೂಸಿಗೆ ಟಿಬಿ ಬಂದ್ರೆ ಅದು ಶ್ವಾಸಕೋಶದಲ್ಲೇ ನಿಲ್ಲುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಮೆದುಳಿನ ಪೊರೆಗೂ ಹತ್ತಬಹುದು. ಆ ವಾರ್ಡನ್ನ ನೋಡಿದವರು ಮಾತ್ರೆ ಬೇಡ ಅನ್ನಲ್ಲ.

ಊಟದ್ದು ಹೇಳ್ದೇ ಇದ್ರೆ ತಪ್ಪಾಗುತ್ತೆ. ಮಂಗಳೂರಿನ ಯೇನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತೆ ಅವರ ತಂಡ ಜಾರ್ಖಂಡಲ್ಲಿ ಒಂದು ಅಧ್ಯಯನ ಮಾಡಿದ್ರು, 2023ರಲ್ಲಿ ಬಂತು. 2,800 ರೋಗಿಗಳ ಮನೆಯವರು, ಹತ್ತು ಸಾವಿರಕ್ಕೂ ಮೇಲೆ ಜನ. ಒಂದು ಗುಂಪಿನ ಮನೇಲಿ ರೋಗಿಗೆ ಮಾತ್ರ ರೇಷನ್, ಇನ್ನೊಂದರಲ್ಲಿ ಮನೇವ್ರಿಗೂ ತಲಾ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಮನೇವ್ರಿಗೂ ಕೊಟ್ಟ ಕಡೆ ಹೊಸದಾಗಿ ಟಿಬಿ ಬರೋದು ಸುಮಾರು ಶೇ. 40ರಷ್ಟು ಕಮ್ಮಿ ಆಯ್ತು, ಹರಡೋ ಥರದ ಟಿಬಿ ಸುಮಾರು ಅರ್ಧಕ್ಕೆ ಇಳೀತು. ಅಕ್ಕಿ ಬೇಳೆ ಸ್ವಾಮಿ. ನಮ್ಮಲ್ಲಿ ರೋಗಿ ಖಾತೆಗೆ 2018ರಿಂದ ತಿಂಗಳಿಗೆ 500 ರೂಪಾಯಿ ಬರ್ತಿತ್ತು, 2024ರ ನವೆಂಬರಿಂದ ಸಾವಿರ ಮಾಡಿದಾರೆ, ಬಂದಾಗ ಬರುತ್ತೆ. ಆ ದುಡ್ಡಲ್ಲಿ ಮೊಟ್ಟೆ ತಂದ್ರೆ ಮನೇಲಿ ನಾಕು ಮಕ್ಕಳ ಮುಂದೆ ಒಬ್ಬನೇ ತಿನ್ನೋಕೆ ಯಾವ ತಾತನಿಗೂ ಆಗಲ್ಲ. ಇದನ್ನ ಯಾವ ಪ್ರಶ್ನೆ ಪಟ್ಟೀಲೂ ಜ್ಞಾನ ಅಂತ ಕೇಳಲ್ಲ.

ನಮ್ಮ ಆಫೀಸಲ್ಲಿ ಹೊಸದಾಗಿ ಬಂದಿರೋ ಹುಡುಗಿ ಇದಾಳೆ, ಚುರುಕು, ಅವಳಿಗೂ ನನಗೂ ಈ ವಿಷಯಕ್ಕೆ ದಿನಾ ವಾದ. ಅವಳು ಹೇಳೋದು, "ಅಣ್ಣ, ತಟ್ಟೆ ಬೇರೆ ಇಟ್ಕೊಂಡ್ರೆ ಇಟ್ಕೊಳ್ಲಿ ಬಿಡಿ, ಏನು ನಷ್ಟ, ಅದರಿಂದಾದ್ರೂ ಹುಷಾರಾಗಿರ್ತಾರೆ. ನೀವು ಅದನ್ನ ಬೇಡ ಅಂತ ಶುರು ಮಾಡಿದ್ರೆ ನೀವು ಹೇಳೋ ಉಳಿದಿದ್ದನ್ನೂ ಕೇಳಲ್ಲ." ಅವಳು ಹೇಳೋದ್ರಲ್ಲಿ ಅರ್ಧ ನಿಜ ಇದೆ, ಎಷ್ಟೋ ಮನೇಲಿ ತಟ್ಟೆ ವಿಷಯಕ್ಕೆ ಕೈ ಹಾಕಿ ಅತ್ತೆ ಸೊಸೆ ಜಗಳದ ನಡುವೆ ನಿಂತಿದೀನಿ. ಅವಳ ಪ್ಲಾನ್ ಏನಂದ್ರೆ, ತಟ್ಟೆ ಬಗ್ಗೆ ಬಾಯಿ ಬಿಡಬಾರ್ದು, ಮೊದಲ ಭೇಟೀಲಿ ಎರಡೇ ಕೆಲಸ, ರೋಗಿ ಮಲಗೋ ಜಾಗ ಕಿಟಕಿ ಹತ್ರಕ್ಕೋ ಜಗಲಿಗೋ ಬರಬೇಕು, ಮಕ್ಕಳ ಹೆಸರು ಬರ್ಕೊಂಡು ಟೆಸ್ಟಿಗೆ ತಾರೀಖು ಕೊಟ್ಟು ಬರಬೇಕು, ಉಳಿದಿದ್ದೆಲ್ಲ ಎರಡನೇ ಸಲಕ್ಕೆ. ನಾನು ಹೇಳೋದು, ಎರಡನೇ ಸಲ ಹೋಗೋ ಹೊತ್ತಿಗೆ ಆ ತಾತ ಮನೇವ್ರ ಹತ್ರ ಮಾತಾಡೋದೇ ಬಿಟ್ಟಿರ್ತಾರೆ, ಮಾತ್ರೆ ನೆನಪಿಸೋರು ಯಾರೂ ಇರಲ್ಲ, ಮಾತ್ರೆ ಬಿಟ್ರೆ ಕಥೆ ಮತ್ತೆ ಮೊದಲಿಂದ, ಅದೂ ಬಗ್ಗದ ಟಿಬಿ ಆಗಿ. ಹೋದ ವಾರ ಆ ನೇಲ್ ಪಾಲಿಶ್ ಮನೆಗೆ ಅವಳನ್ನೇ ಕಳ್ಸಿದ್ದೆ. ಅಕ್ಕಿ ಮೂಟೆ ಜಾಗ ಬದಲಾಯಿಸಿ ಗೊಬ್ಬರದ ಚೀಲ ಕಿತ್ತು ಬಂದಿದಾಳೆ, ಸೊಳ್ಳೆಗೆ ಜಾಲರಿ ಹಾಕ್ಸೋಕೆ ಪಂಚಾಯ್ತಿ ಮೆಂಬರ್ ಹತ್ರ ಮಾತಾಡಿದೀನಿ ಅಂತಾಳೆ. ಪಾಪುಗೆ ಎಕ್ಸ್‌ರೇ ಆಗಿದೆ, ಏನೂ ಇಲ್ಲ, ಮಾತ್ರೆ ಶುರು ಮಾಡೋಕೆ ಅಪ್ಪ ಒಪ್ಪಿದಾನೆ, ಅಜ್ಜಿ ಇನ್ನೂ ಒಪ್ಪಿಲ್ಲ. ತಟ್ಟೆ ಏನಾಯ್ತು ಅಂತ ಕೇಳಿದ್ರೆ, "ನಾನು ಕೇಳೇ ಇಲ್ಲ ಅಣ್ಣ" ಅಂದ್ಲು. ಸೋಮವಾರ ಅಜ್ಜಿನ ಒಪ್ಸೋಕೆ ಇಬ್ರೂ ಹೋಗ್ತಿದೀವಿ, ತಟ್ಟೆ ಮಾತು ನಾನು ಎತ್ತೋದೇ ಅಂತ ಅವಳಿಗೆ ಹೇಳಿಟ್ಟಿದೀನಿ.